ಅಂಗಡಿಯ ಗಂಟೆಯೂ ಗಿರಾಕಿಯ ಮಾನವೂ

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು ಮೊದಲಾದ ಪಟ್ಟಣಗಳ ದೊಡ್ಡ ಜವಳಿ ಅಂಗಡಿಗಳಿಗೂ ಮಾಲುಗಳಿಗೂ ಹೋಗಿಬರುವ ನಮ್ಮ ವಾಚಕರಿಗೆ, ಅವುಗಳ ಹೊರಬಾಗಿಲಿನ ಎರಡು ಮಗ್ಗುಲಲ್ಲಿಯೂ ನಿಲ್ಲಿಸಿರುವ ಕಂಬಗಳು ಅಪರಿಚಿತವಾಗಿರಲಾರವು. ಹಣ ಸಲ್ಲದ ಸರಕು ಅವುಗಳ ನಡುವೆ ಹಾದುಹೋದರೆ ಗಂಟೆ ಕೂಗಬೇಕೆಂಬುದು ಅವುಗಳ ಉದ್ದೇಶ. ಆದರೆ ಹಣ ಸಲ್ಲಿಸಿ, ಬಿಲ್ಲು ಪಡೆದು, ಚೀಲ ಹಿಡಿದು ಹೊರಟವರ ಮೇಲೆಯೂ ಅದು ಕೂಗುವುದುಂಟು. ಕೂಗಿದೊಡನೆ ಅಂಗಡಿಯಲ್ಲಿದ್ದವರೆಲ್ಲರ ಮುಖವೂ ಅತ್ತ ತಿರುಗುವುದು, ಕಾವಲುಗಾರನು ಅಡ್ಡಬರುವನು, ಚೀಲವನ್ನು ಬಿಚ್ಚಿಸಿ, ಸರಕನ್ನು ಒಂದೊಂದಾಗಿ ಹೊರತೆಗೆದು, ಬಿಲ್ಲಿನೊಡನೆ ತಾಳೆನೋಡಿ, ಕೊನೆಗೆ "ಸರಿ, ಹೋಗಿ" ಎನ್ನುವನು. ತಪ್ಪಾಯಿತೆಂಬ ಮಾತು ಅಪರೂಪ. ಇದನ್ನು ಎರಡು ನಿಮಿಷದ ಕ್ಷುಲ್ಲಕವೆಂದು ತಳ್ಳಿಹಾಕುವವರಿದ್ದಾರೆ. ನಾಲ್ಕು ಜನರ ನಡುವೆ ಕಳ್ಳತನದ ಶಂಕೆಗೆ ಗುರಿಯಾದವರನ್ನು ಕೇಳಿದರೆ ಅವರು ಹಾಗೆ ಹೇಳರು. ಈ ಗಂಟೆಯ ಮಾತಿಗೆ ನಮ್ಮ ಕಾನೂನು ಎಷ್ಟು ಬೆಲೆ ಕೊಟ್ಟಿದೆಯೆಂಬುದನ್ನು ವರ್ತಕರೂ ಗಿರಾಕಿಗಳೂ ತಿಳಿದಿರುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ಮೊದಲು ಯಂತ್ರದ ವಿಚಾರ. ಇದರ ಹುಟ್ಟೂರು ಅಮೆರಿಕ. ೧೯೬೦ರ ದಶಕದಲ್ಲಿ ಆರ್ಥರ್ ಮಿನಾಸಿ, ರೊನಾಲ್ಡ್ ಅಸಾಫ್ ಎಂಬ ಇಬ್ಬರು ಬೇರೆಬೇರೆಯಾಗಿ ಇದನ್ನು ವ್ಯಾಪಾರಕ್ಕೆ ತಂದರು. ಸರಕಿಗೆ ಒಂದು ಬಿಲ್ಲೆಯನ್ನು ಅಂಟಿಸಿಯೋ ಚುಚ್ಚಿಯೋ ಇಟ್ಟಿರುತ್ತಾರೆ. ಬಾಗಿಲಿನ ಕಂಬಗಳು ಒಂದು ನಿಯತವಾದ ವಿದ್ಯುತ್ಕಂಪನವನ್ನು ಹೊರಡಿಸುತ್ತಿರುವುವು: ಒಂದು ಜಾತಿಯಲ್ಲಿ ಸೆಕೆಂಡಿಗೆ ೫೮ ಸಾವಿರ ಸಲ, ಮತ್ತೊಂದರಲ್ಲಿ ಸುಮಾರು ೮೨ ಲಕ್ಷ ಸಲ. ಬಿಲ್ಲೆಯು ಇದಕ್ಕೆ ಓಗೊಟ್ಟರೆ ಗಂಟೆಯಾಗುವುದು. ಹಣ ಸಂದಮೇಲೆ ಗಲ್ಲೆಯ ಗುಮಾಸ್ತೆಯು ಆ ಬಿಲ್ಲೆಯನ್ನು ಕಳಚಬೇಕು, ಇಲ್ಲವೆ ಮೇಜಿನ ಮೇಲಿನ ಸಾಧನಕ್ಕೆ ತಾಗಿಸಿ ಅದನ್ನು ನಿರ್ಜೀವಗೊಳಿಸಬೇಕು. ಹಬ್ಬದ ನೂಕುನುಗ್ಗಲಿನಲ್ಲಿ ಅವನು ಮರೆತನೆಂದರೆ, ಅಥವಾ ಗಿರಾಕಿಯು ಮತ್ತೊಂದು ಅಂಗಡಿಯಲ್ಲಿ ಕೊಂಡ ವಸ್ತುವಿನಲ್ಲಿ ಸಜೀವವಾದ ಬಿಲ್ಲೆ ಉಳಿದಿತ್ತೆಂದರೆ, ಗಂಟೆ ಕೂಗಿಯೇ ತೀರುವುದು. ಸಾಯದ ಬಿಲ್ಲೆಯೊಂದು ಇಲ್ಲಿ ಹಾದುಹೋಯಿತೆಂಬುದಷ್ಟೇ ಅದು ಹೇಳಬಲ್ಲ ಸಂಗತಿ. ಹಣ ಸಂದಿತೇ ಇಲ್ಲವೇ, ಚೀಲ ಹಿಡಿದವರು ಕಳ್ಳರೋ ಸಜ್ಜನರೋ ಎಂಬುದು ಅದಕ್ಕೇನು ಗೊತ್ತು?

ಇನ್ನು ಕಾನೂನು. ಪೋಲೀಸಿನವರಲ್ಲದ ಸಾಮಾನ್ಯ ಮನುಷ್ಯನು ಮತ್ತೊಬ್ಬನನ್ನು ದಸ್ತಗಿರಿ ಮಾಡುವ ಅಧಿಕಾರವು ನಮ್ಮ ದೇಶದಲ್ಲಿ ಬಹು ಇಕ್ಕಟ್ಟಾದುದು. ೧೮೯೮ರ ಕ್ರಿಮಿನಲ್ ಪ್ರೊಸೀಜರ್ ಕೋಡಿನಲ್ಲಿ ಅದು ೫೯ನೆಯ ಸೆಕ್ಷನ್ ಆಗಿದ್ದಿತು. ೧೯೭೩ರ ಕೋಡಿನಲ್ಲಿ ೪೩ನೆಯದಾಯಿತು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ೪೦ನೆಯದಾಗಿದೆ. ಅಂಕಿ ಬದಲಾದರೂ ತಿರುಳು ಒಂದೇ. ಜಾಮೀನು ಸಿಕ್ಕದ, ಪೋಲೀಸರು ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧವನ್ನು ತನ್ನ ಸಮಕ್ಷಮದಲ್ಲಿಯೇ ಎಸಗಿದವನನ್ನಾಗಲಿ, ಘೋಷಿತ ಅಪರಾಧಿಯನ್ನಾಗಲಿ ಮಾತ್ರವೇ ಅವನು ಹಿಡಿಯಬಹುದು. ಹಿಡಿದ ಮೇಲೆ ಅನಾವಶ್ಯಕವಾಗಿ ತಡಮಾಡದೆ, ಆರು ಗಂಟೆಯೊಳಗಾಗಿ, ಪೋಲೀಸರ ವಶಕ್ಕೆ ಒಪ್ಪಿಸತಕ್ಕದ್ದು. ಈ ಆರು ಗಂಟೆಯ ಮಿತಿಯು ಹೊಸ ಸಂಹಿತೆಯಲ್ಲಿ ಸೇರಿದುದು. ಸೀರೆಯೊಂದನ್ನು ಸೆರಗಿನಡಿ ಅಡಗಿಸುವುದನ್ನು ಕಣ್ಣಾರೆ ಕಂಡ ಕಾವಲುಗಾರನ ಮಾತು ಬೇರೆ. ಗಂಟೆಯನ್ನು ಕಿವಿಯಾರೆ ಕೇಳಿದವನು ಏನನ್ನು ಕಂಡಂತಾಯಿತು? ಗಂಟೆ ಕೂಗಿತೆಂಬ ಒಂದೇ ಕಾರಣದಿಂದ ಗಿರಾಕಿಯನ್ನು ತಡೆದು ನಿಲ್ಲಿಸಲು ಈ ಸೆಕ್ಷನ್ನು ಅಧಿಕಾರ ಕೊಡುವುದಿಲ್ಲವೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ.

ಅಧಿಕಾರವಿಲ್ಲದೆ ತಡೆದರೆ ಅದು ಅಪರಾಧವೇ ಆದೀತು. ಹೋಗುವ ಹಕ್ಕಿರುವ ದಿಕ್ಕಿಗೆ ಹೋಗಗೊಡದೆ ಅಡ್ಡಗಟ್ಟುವುದು ಅಕ್ರಮ ಪ್ರತಿಬಂಧ; ಎತ್ತಲೂ ಹೋಗದಂತೆ ಕೂಡಿಹಾಕುವುದು ಅಕ್ರಮ ಬಂಧನ. ಭಾರತೀಯ ನ್ಯಾಯ ಸಂಹಿತೆಯ ೧೨೬ ಮತ್ತು ೧೨೭ನೆಯ ಸೆಕ್ಷನ್ನುಗಳಲ್ಲಿ ಮೊದಲನೆಯದಕ್ಕೆ ಒಂದು ತಿಂಗಳವರೆಗೆ, ಎರಡನೆಯದಕ್ಕೆ ಒಂದು ವರ್ಷದವರೆಗೆ ಸಜೆಯನ್ನೂ, ಎರಡಕ್ಕೂ ಐದು ಸಾವಿರ ರೂಪಾಯಿಗಳವರೆಗೆ ಜುಲ್ಮಾನೆಯನ್ನೂ ಹೇಳಿದೆ. ಬೀಗ, ಸಂಕೋಲೆ ಇರಬೇಕೆಂದಿಲ್ಲ. "ಮ್ಯಾನೇಜರು ಬರುವವರೆಗೆ ಈ ಕೋಣೆಯಲ್ಲಿ ಕೂತಿರಿ" ಎಂದು ಬಾಗಿಲಲ್ಲಿ ಇಬ್ಬರು ನಿಂತರೂ ಸಾಕು. ಮೈಮುಟ್ಟಿ ಶೋಧಿಸುವ ಹಕ್ಕಂತೂ ಅಂಗಡಿಯವರಿಗೆ ಇಲ್ಲವೇ ಇಲ್ಲ. ದಸ್ತಗಿರಿಯಾದ ಸ್ತ್ರೀಯನ್ನು ಕೂಡ ಮತ್ತೊಬ್ಬ ಸ್ತ್ರೀಯೇ, ಮರ್ಯಾದೆಗೆ ಕುಂದುಬಾರದಂತೆ ಶೋಧಿಸತಕ್ಕದ್ದೆಂದು ಪೋಲೀಸರಿಗೇ ವಿಧಿಯಿರುವಾಗ, ಸಂಬಳದ ಕಾವಲುಗಾರನ ಪಾಡೇನು? ೨೦೦೫ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯಿದೆಯು ಇವರಿಗೆ ಪೋಲೀಸರ ಅಧಿಕಾರವನ್ನು ಕೊಟ್ಟಿಲ್ಲ. ಪೋಲೀಸರಂತೆ ಕಾಣುವ ಉಡುಪು ತೊಡುವುದೇ ಅದರಲ್ಲಿ ಶಿಕ್ಷಾರ್ಹವಾದ ಅಪರಾಧ.

ವರ್ತಕರ ಪಕ್ಷವನ್ನೂ ಹೇಳಬೇಕಾದುದು ನ್ಯಾಯ. ಅಂಗಡಿಗಳಲ್ಲಿ ಕಳವಾಗುವುದು ಸುಳ್ಳಲ್ಲ. ಕಳವಾದ ಸರಕಿನ ಬೆಲೆ ಕೊನೆಗೆ ಸಜ್ಜನ ಗಿರಾಕಿಯ ಬಿಲ್ಲಿನ ಮೇಲೆಯೇ ಬೀಳುವುದು. ಗಂಟೆ ಕೂಗಿದಾಗ "ಸ್ವಾಮೀ, ದಯಮಾಡಿ ಬಿಲ್ಲು ತೋರಿಸುವಿರಾ?" ಎಂದು ಕೇಳುವುದಕ್ಕೆ ಯಾವ ಕಾನೂನೂ ಅಡ್ಡಿಬಾರದು, ತೋರಿಸುವುದರಲ್ಲಿ ಗಿರಾಕಿಗೂ ಕುಂದಿಲ್ಲ. ಕೇಳುವುದಕ್ಕೂ ತಡೆಯುವುದಕ್ಕೂ ಇರುವ ಅಂತರವನ್ನು ಮಾತ್ರ ಮರೆಯಬಾರದು. ಮೇಲಾಗಿ, ಕಾನೂನಿನ ಬೆಂಬಲ ತನಗಿದೆಯೆಂದು ಸದ್ಭಾವನೆಯಿಂದ, ಸಂಗತಿಯನ್ನು ತಪ್ಪು ತಿಳಿದು ವರ್ತಿಸಿದವನಿಗೆ ಅಪರಾಧದಿಂದ ವಿನಾಯಿತಿಯೂ ಉಂಟು. ಅಂಗಡಿಯವರ ವಕೀಲರು ಮೊದಲು ಹಿಡಿಯುವ ಆಸರೆ ಇದೇ. ಆದರೆ ನಮ್ಮ ಕಾನೂನಿನಲ್ಲಿ ಸದ್ಭಾವನೆಯೆಂದರೆ ಮನಸ್ಸಿನ ಶುದ್ಧಿಯಷ್ಟೇ ಸಾಲದು. ತಕ್ಕ ಎಚ್ಚರಿಕೆಯೂ ಗಮನವೂ ಇಲ್ಲದೆ ನಂಬಿದ್ದನ್ನು ಸದ್ಭಾವನೆಯಿಂದ ನಂಬಿದುದೆಂದು ಹೇಳಲಾಗದು. ದಿನಕ್ಕೆ ಹತ್ತು ಸಲ ಸುಳ್ಳು ಕೂಗುವ ಗಂಟೆಯನ್ನು ಹನ್ನೊಂದನೆಯ ಸಲವೂ ನಂಬಿ ಗಿರಾಕಿಯ ತೋಳು ಹಿಡಿದವನು ಯಾವ ಎಚ್ಚರಿಕೆಯನ್ನು ತೋರಿದಂತಾಯಿತು? ಇಡೀ ಪ್ರಶ್ನೆಯು ನಿಂತಿರುವುದು ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ.

ಅನ್ಯದೇಶಗಳಲ್ಲಿ ಇದನ್ನು ಎರಡು ಬಗೆಯಾಗಿ ನಿರ್ಣಯಿಸಿದ್ದಾರೆ. ಅಮೆರಿಕದ ಜಾರ್ಜಿಯಾ, ಲೂಸಿಯಾನಾ ಸಂಸ್ಥಾನಗಳು ಗಂಟೆ ಕೂಗಿದುದೇ ಗಿರಾಕಿಯನ್ನು ಮಿತವಾದ ಕಾಲ ನಿಲ್ಲಿಸಿ ವಿಚಾರಿಸಲು ಸಾಕಾದ ಕಾರಣವೆಂದು ಶಾಸನದಲ್ಲಿಯೇ ಬರೆದಿವೆ. ಆದರೆ ಅಂಥ ಯಂತ್ರವಿದೆಯೆಂಬ ನೋಟೀಸನ್ನು ಎಲ್ಲರಿಗೂ ಕಾಣುವಂತೆ ಹಾಕಿರಬೇಕೆಂಬ ಕರಾರಿನೊಡನೆ. ಇಂಗ್ಲೆಂಡಿನ ಪದ್ಧತಿ ಬೇರೆ. ೧೯೧೪ರ ವಾಲ್ಟರ್ಸ್ ಎಂಬವನ ಮೊಕದ್ದಮೆಯಲ್ಲಿ, ಡಬ್ಲ್ಯು. ಎಚ್. ಸ್ಮಿತ್ ಎಂಬ ಪುಸ್ತಕದ ಅಂಗಡಿಯವರು ತಮ್ಮ ನೌಕರನಾಗಿದ್ದ ಅವನನ್ನು ಕಳ್ಳತನದ ಶಂಕೆಯಿಂದ ಹಿಡಿಸಿದ್ದರು. ಶಂಕೆಗೆ ಆಧಾರವಿದ್ದಿತು, ಆದರೂ ಅವನು ನಿರ್ದೋಷಿಯೆಂದು ಬಿಡುಗಡೆಯಾದನು. ಖಾಸಗಿಯವನು ಹಿಡಿಯಬೇಕಾದರೆ ಶಂಕೆ ಸಾಲದು, ಆ ಕಳವು ನಿಜವಾಗಿ ನಡೆದಿರಬೇಕೆಂದು ಮುಖ್ಯ ನ್ಯಾಯಾಧೀಶ ಸರ್ ರೂಫಸ್ ಐಸಾಕ್ಸರು ತೀರ್ಪಿತ್ತು, ಅಂಗಡಿಯವರೇ ನಷ್ಟ ತುಂಬಿಕೊಡಬೇಕಾಯಿತು. ಇದೇ ಮಹಾಶಯರು ಲಾರ್ಡ್ ರೀಡಿಂಗ್ ಎಂಬ ಹೆಸರಿನಿಂದ ೧೯೨೧ರಲ್ಲಿ ವೈಸರಾಯರಾಗಿ ಬಂದರೆಂಬುದೂ, ಅವರ ಆಳ್ವಿಕೆಯಲ್ಲಿಯೇ ೧೯೨೨ರಲ್ಲಿ ಗಾಂಧೀಜಿಯವರ ದಸ್ತಗಿರಿಯಾಯಿತೆಂಬುದೂ ಬೇರೆಯ ಮಾತು. ನಮ್ಮ ಶಾಸನಸಭೆಗಳು ಅಮೆರಿಕದ ಹಾದಿಯನ್ನು ಹಿಡಿದಿಲ್ಲ. ಹಿಡಿಯಬಾರದೆಂದೇ ನಮ್ಮ ಬಿನ್ನಹ.

ಏಕೆಂದರೆ ನಮ್ಮಲ್ಲಿ ಗಂಟೆಯು ಎಲ್ಲರ ಮೇಲೂ ಒಂದೇ ಸಮನಾಗಿ ಕೂಗಿದರೂ ಕಾವಲುಗಾರನ ನಾಲಗೆ ಒಂದೇ ಸಮನಾಗಿರುವುದಿಲ್ಲ. ಕಾರಿನಿಂದಿಳಿದು ಬಂದ ಗೃಹಸ್ಥರ ಮೇಲೆ ಕೂಗಿದರೆ, "ಯಂತ್ರ ಕೆಟ್ಟಿರಬೇಕು ಸಾರ್, ತಾವು ಹೊರಡಿ" ಎನ್ನುವನು. ಮಗಳ ಮದುವೆಗೆಂದು ಕೂಡಿಟ್ಟ ಹಣದಿಂದ ಒಂದು ಸೀರೆ ಕೊಂಡ ಕೂಲಿಯ ಹೆಂಗಸಿನ ಮೇಲೆ ಕೂಗಿದರೆ, "ಏಯ್, ಇಲ್ಲಿ ಬಾರಮ್ಮ, ಚೀಲ ತೆಗಿ" ಎನ್ನುವನು. ಅವನನ್ನೊಬ್ಬನನ್ನೇ ದೂರಿ ಫಲವಿಲ್ಲ. ಹನ್ನೆರಡು ಗಂಟೆ ನಿಂತೇ ಇರುವ ಅವನಿಗೆ, ಸರಕು ಕಳೆದರೆ ನಿನ್ನ ಸಂಬಳದಲ್ಲಿ ಮುರಿಯುವೆವೆಂದು ಹೆದರಿಸುವವರೂ ಇರುತ್ತಾರೆ. ಜವಾಬ್ದಾರಿಯು ಯಂತ್ರವನ್ನು ನಿಲ್ಲಿಸಿದ ಯಜಮಾನರದು.

ಅನ್ಯಾಯಕ್ಕೆ ಗುರಿಯಾದವರು ಏನು ಮಾಡಬೇಕು? ಜಗಳವಾಡಬೇಕಾಗಿಲ್ಲ. ಬಿಲ್ಲನ್ನು ಕೈಬಿಡದೆ ತೋರಿಸಿ, ಹೊರಡುವುದಾಗಿ ಸ್ಪಷ್ಟವಾಗಿ ಹೇಳಬೇಕು. ಬಿಡದಿದ್ದರೆ ೧೧೨ಕ್ಕೆ ಟೆಲಿಫೋನು ಮಾಡಿ ಪೋಲೀಸರನ್ನು ತಾವೇ ಕರೆಸಬೇಕು. ಅಂಗಡಿಯ ಕ್ಯಾಮೆರಾದಲ್ಲಿ ಮೂಡಿದ ಚಿತ್ರವನ್ನು ಅಳಿಸದೆ ಕಾದಿಡಬೇಕೆಂದು ಅಂದೇ ಬರಹದ ಮೂಲಕ ತಿಳಿಸಬೇಕು. ಕೆಲವು ವಾರ ಕಳೆದರೆ ಅದು ತಾನಾಗಿ ಅಳಿದುಹೋಗುವ ಸಂಭವವುಂಟು. ಹಣ ಕೊಟ್ಟು ಕೊಂಡವರು ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಸೇವೆಯ ನ್ಯೂನತೆಗಾಗಿ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು; ಕೊಟ್ಟ ಹಣ ಐದು ಲಕ್ಷವನ್ನು ಮೀರದಿದ್ದರೆ ಶುಲ್ಕವಿಲ್ಲ, ಅವಧಿ ಎರಡು ವರ್ಷ. ಅಕ್ರಮ ಬಂಧನಕ್ಕಾಗಿ ಸಿವಿಲ್ ಕೋರ್ಟಿನಲ್ಲಿ ನಷ್ಟಪರಿಹಾರ ಕೇಳುವುದಾದರೆ ೧೯೬೩ರ ಲಿಮಿಟೇಷನ್ ಕಾಯಿದೆಯಂತೆ ಒಂದೇ ವರ್ಷ. ಎಲ್ಲರೆದುರಿಗೆ ಕಳ್ಳನೆಂದು ಕೂಗಿದ ಮಾನಹಾನಿಗೂ ಅಷ್ಟೇ. ಮನಸ್ಸು ಮಾಡಿಕೊಳ್ಳುವಷ್ಟರಲ್ಲಿ ಅವಧಿ ಮೀರಿಸಿಕೊಳ್ಳುವುದು ನಮ್ಮವರ ಹಳೆಯ ಅಭ್ಯಾಸ.

ಸರ್ಕಾರದವರು ಮಾಡಬೇಕಾದ ಕೆಲಸವೂ ಒಂದಿದೆ. ೨೦೦೫ರ ಕಾಯಿದೆಯಂತೆ ನಿಯಮಗಳನ್ನು ರಚಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಕಾವಲು ಏಜೆನ್ಸಿಗಳಿಗೆ ಲೈಸೆನ್ಸು ಕೊಡುವ ಅಧಿಕಾರಿಯೂ ಗೃಹ ಇಲಾಖೆಯವರೇ. ಗಂಟೆ ಕೂಗಿದ ಪ್ರತಿಯೊಂದು ಸಲವೂ ಗಳಿಗೆ, ಕಾರಣ, ಯಾರ ತಪ್ಪು ಎಂಬುದನ್ನು ಬರೆದಿಡುವ ಒಂದು ರಿಜಿಸ್ಟರು ಬಾಗಿಲಲ್ಲಿರಬೇಕು. ಬಾಗಿಲಲ್ಲಿ ಒಬ್ಬ ಹೆಂಗಸು ಕಾವಲಿಗೆ ಇರಬೇಕು. ಗಿರಾಕಿಯು ಚೀಲ ತೋರಿಸಲು ಒಪ್ಪದಿರಬಹುದೆಂಬುದನ್ನು ಕನ್ನಡದಲ್ಲಿ ಬರೆದು ತೂಗುಹಾಕಬೇಕು. ಇಷ್ಟಕ್ಕೆ ಹೊಸ ಶಾಸನವೂ ಬೇಡ, ಬೊಕ್ಕಸದ ಹಣವೂ ಬೇಡ. ಆ ರಿಜಿಸ್ಟರೊಂದು ಬಂದಿತೆಂದರೆ, ಯಾವ ಅಂಗಡಿಯ ಗಂಟೆ ತಿಂಗಳಿಗೆ ಎಷ್ಟು ಸಲ ಸುಳ್ಳು ಹೇಳಿತೆಂಬುದು ನ್ಯಾಯಾಧೀಶರ ಮೇಜಿನ ಮೇಲೆ ತಾನಾಗಿ ಬಂದು ಬೀಳುವುದು. ಸದ್ಭಾವನೆಯ ಆಸರೆ ಹಿಡಿಯುವವರು ಅದನ್ನು ಓದಿಕೊಂಡೇ ಕೋರ್ಟಿನ ಮೆಟ್ಟಲು ಹತ್ತಬೇಕಾಗುವುದು. ವರ್ತಕರ ಸಂಘಗಳು ಸರ್ಕಾರದ ಆಜ್ಞೆಗೆ ಕಾಯದೆ ಈ ದಸರೆಯ ವ್ಯಾಪಾರದಿಂದಲೇ ಇದನ್ನು ತಾವಾಗಿ ಆರಂಭಿಸುವುದಾದರೆ, ಅಂಥ ಅಂಗಡಿಗಳ ಹೆಸರುಗಳನ್ನು ಈ ಪತ್ರಿಕೆಯಲ್ಲಿ ಖರ್ಚಿಲ್ಲದೆ ಪ್ರಕಟಿಸಲು ನಾವು ಸಿದ್ಧರಿದ್ದೇವೆ.