ಕೋಶದೊಳಗಿನ ಕಳ್ಳ ಗಂಟೆ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಹತ್ತು ತಿಂಗಳ ಮೊಮ್ಮಗಳಿಗೆ ಎರಡು ದಿನಗಳಿಂದ ವಾಂತಿ, ಭೇದಿ. “ಮೇಷ್ಟ್ರೇ, ಡಾಕ್ಟರು ರೋಟಾವೈರಸ್ ಇರಬಹುದು ಅಂದ್ರು. ಆದ್ರೆ ಒಂದು ಆಂಟಿಬಯಾಟಿಕ್ ಕೂಡ ಬರೀಲಿಲ್ಲ. ಓಆರ್‌ಎಸ್ ಪೊಟ್ಟಣ, ಜಿಂಕ್ ಔಷಧಿ ಕೊಟ್ಟು ಕಳಿಸಿಬಿಟ್ರು. ಬೇರೆ ಕಡೆ ತೋರಿಸಲಾ ಸಾರ್?” ಎಂದು ಕೇಳಿದ. ಆ ವೈದ್ಯರನ್ನೇ ನಂಬು, ಚಮಚ ಚಮಚವಾಗಿ ಕುಡಿಸುತ್ತಲೇ ಇರು, ಮಗು ಮಂಕಾದರೆ ಅಥವಾ ಮೂತ್ರ ನಿಂತರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿ ಎಂದೆ. ಕಾರಣವನ್ನು ದೂರವಾಣಿಯಲ್ಲಿ ವಿವರಿಸಲಾಗಲಿಲ್ಲ.

ತರಗತಿಯಲ್ಲಿ ವೈರಸ್ಸಿನ ಪಾಠವನ್ನು ನಾನು ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಅದು ಜೀವಕೋಶವನ್ನು ಹೊಕ್ಕು, ತನ್ನಂಥವನ್ನೇ ಹಲವು ಪಟ್ಟು ಮಾಡಿಸಿಕೊಂಡು, ಕೊನೆಗೆ ಕೋಶವನ್ನೊಡೆದು ಹೊರಬೀಳುತ್ತದೆ ಎಂದು ಕಪ್ಪುಹಲಗೆಯ ಮೇಲೆ ಚಿತ್ರ ಬಿಡಿಸುತ್ತಿದ್ದೆ. ಅದು ಸುಳ್ಳಲ್ಲ, ಆದರೆ ಅರ್ಧ ಪಾಠ. ಕೋಶವನ್ನು ಕೊಲ್ಲುವ ಮೊದಲು ವೈರಸ್ ಅದರ ಕೈಯಿಂದಲೇ ಏನೇನು ಮಾಡಿಸುತ್ತದೆ ಎಂಬುದು ಆ ಚಿತ್ರದಲ್ಲಿರಲಿಲ್ಲ.

ರೋಟಾವೈರಸ್ಸನ್ನು ಮಕ್ಕಳ ಕರುಳಿನ ಕೋಶಗಳಲ್ಲಿ 1973ರಲ್ಲಿ ಗುರುತಿಸಿದವರು ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ರೂತ್ ಬಿಷಪ್ ಮತ್ತು ಸಂಗಡಿಗರು. ಅದು ಭೇದಿ ಮಾಡಿಸುವ ಬಗೆಯ ಮೊದಲ ಸುಳಿವು ದೊರೆತದ್ದು 1996ರಲ್ಲಿ. ಅಮೆರಿಕದ ಹ್ಯೂಸ್ಟನ್ ನಗರದ ಬೇಲರ್ ವೈದ್ಯಕೀಯ ಕಾಲೇಜಿನ ಮೇರಿ ಎಸ್ಟಿಸ್ ಅವರ ತಂಡ, ವೈರಸ್ಸನ್ನು ಬದಿಗಿಟ್ಟು, ಅದರ ಎನ್‌ಎಸ್‌ಪಿ4 ಎಂಬ ಒಂದೇ ಒಂದು ಪ್ರೋಟೀನನ್ನು ಇಲಿಮರಿಗಳಿಗೆ ಚುಚ್ಚಿ ನೋಡಿತು. ವೈರಸ್ಸಿಲ್ಲದೆಯೇ ಮರಿಗಳಿಗೆ ಭೇದಿ ಹತ್ತಿತು! 2010ರಲ್ಲಿ ಅದೇ ಕಾಲೇಜಿನವರು, ಈ ಪ್ರೋಟೀನು ಕೋಶದೊಳಗಿನ ಪೊರೆಯಲ್ಲಿ ರಂಧ್ರ ಮಾಡಿ ಅಯಾನುಗಳಿಗೆ ದಾರಿ ಬಿಡುವ ಗುಂಪಿಗೆ ಸೇರಿದ್ದೆಂದು ತೋರಿಸಿದರು. ಈ ಗುಂಪಿಗೆ ವೈರೋಪೊರಿನ್ ಎಂದು ಹೆಸರು.

ಜೀವಕೋಶದಲ್ಲಿ ಕ್ಯಾಲ್ಸಿಯಂ ಅಯಾನು ಶಾಲೆಯ ಗಂಟೆಯಿದ್ದಂತೆ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಯ ಚೀಲಗಳಲ್ಲಿ ಅದನ್ನು ಕೂಡಿಟ್ಟಿರುತ್ತದೆ. ಹೊರಗಿನ ಕೋಶದ್ರವಕ್ಕಿಂತ ಅಲ್ಲಿ ಅದರ ಸಾಂದ್ರತೆ ಸಾವಿರಾರು ಪಟ್ಟು ಹೆಚ್ಚು. ಬೇಕಾದಾಗ ಕ್ಷಣಕಾಲ ತುಸು ಹೊರಬಿಟ್ಟರೆ ಅದೇ ಒಂದು ಸಂಕೇತ. ಕೋಶ ತಕ್ಕ ಕೆಲಸಕ್ಕೆ ತೊಡಗುತ್ತದೆ. ಎನ್‌ಎಸ್‌ಪಿ4 ಆ ಚೀಲಕ್ಕೇ ತೂತು ಮಾಡುತ್ತದೆ. ಚೀಲ ಬರಿದಾಗುತ್ತಿರುವುದನ್ನು ಕಂಡ ಕೋಶ, ಪಾಪ, ಅದನ್ನು ತುಂಬಲೆಂದು ಹೊರಗಿನಿಂದಲೂ ಕ್ಯಾಲ್ಸಿಯಂ ತರಿಸಿಕೊಳ್ಳುತ್ತದೆ. ಗಂಟೆ ಹೊತ್ತುಗೊತ್ತಿಲ್ಲದೆ ಬಾರಿಸತೊಡಗುತ್ತದೆ. ವೈರಸ್ಸಿಗೆ ಇದು ಬೇಕೇ ಬೇಕು, ಏಕೆಂದರೆ ಅದರ ಹೊರಕವಚ ಗಟ್ಟಿಯಾಗಿ ನಿಲ್ಲುವುದು ಕ್ಯಾಲ್ಸಿಯಂ ಬಲದಿಂದ. ಆದರೆ ಕರುಳಿಗೆ ಆ ಸದ್ದಿನ ಅರ್ಥ ಬೇರೆ: ಕ್ಲೋರೈಡನ್ನು ಹೊರಬಿಡು, ನೀರನ್ನು ಹೊರಬಿಡು.

ಸೋಂಕು ತಗಲಿದ ಕೋಶಗಳು ಕೆಲವೇ ಇದ್ದರೂ ಇಡೀ ಕರುಳು ಏಕೆ ಸೋರುತ್ತದೆ? 2020ರಲ್ಲಿ ಅದೇ ಕಾಲೇಜಿನಿಂದ ಬಂದ ಸಂಶೋಧನೆ ಇದಕ್ಕೆ ಉತ್ತರ ಕೊಟ್ಟಿತು. ಸೋಂಕಿತ ಕೋಶ ಎಡಿಪಿ ಎಂಬ ಅಣುವನ್ನು ಹೊರಚೆಲ್ಲುತ್ತದೆ. ಆರೋಗ್ಯವಾಗಿರುವ ನೆರೆಯ ಕೋಶಗಳಲ್ಲಿಯೂ ಅದು ಕ್ಯಾಲ್ಸಿಯಂ ಅಲೆ ಎಬ್ಬಿಸುತ್ತದೆ. ಒಂದು ಶಾಲೆಯ ಕಳ್ಳ ಗಂಟೆ ಕೇಳಿ ಸುತ್ತಲಿನ ಶಾಲೆಗಳ ಹುಡುಗರೂ ಚೀಲ ಹೆಗಲಿಗೇರಿಸಿ ಹೊರಟಂತೆ!

ಇನ್ನು ಆಂಟಿಬಯಾಟಿಕ್ಕಿಗೆ ಇಲ್ಲಿ ಏನು ಕೆಲಸ? ಅದು ಬ್ಯಾಕ್ಟೀರಿಯಾದ ಮೇಲೆ ಎರಗುವ ಮದ್ದು. ಈ ರೋಗದಲ್ಲಿ ಕೆಡುಕು ಮಾಡುತ್ತಿರುವುದು ವೈರಸ್, ಸೋರಿಸುತ್ತಿರುವುದು ನಮ್ಮವೇ ಕೋಶಗಳು. (ಭೇದಿಯಲ್ಲಿ ರಕ್ತ ಕಂಡರೆ ಮಾತು ಬೇರೆ, ಅದನ್ನು ವೈದ್ಯರು ನಿರ್ಧರಿಸಬೇಕು.) ಆದರೆ ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸು ಜೊತೆಜೊತೆಯಾಗಿ ಒಳಹೋಗುವ ಇನ್ನೊಂದು ಬಾಗಿಲು ಕರುಳಿನಲ್ಲಿದೆ. ಭೇದಿಯ ಕಾಲದಲ್ಲಿಯೂ ಅದು ಸಾಕಷ್ಟು ಕೆಲಸ ಮಾಡುತ್ತಿರುತ್ತದೆ. ಅವುಗಳ ಹಿಂದೆಯೇ ನೀರೂ ಒಳಸೇರುತ್ತದೆ. “ಬರೀ ಉಪ್ಪು ಸಕ್ಕರೆ ನೀರು” ಎಂದು ಹಗುರವಾಗಿ ಆಡುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕಾಗಿ.

ಸಿಟ್ಟಿಗೆ ಇನ್ನೊಂದು ಕಾರಣವೂ ಉಂಟು. 1967ರ ಚಳಿಗಾಲದಲ್ಲಿ ನಮ್ಮಕ್ಕನ ಮಗು ನಮ್ಮ ಮನೆಯಲ್ಲಿಯೇ ತೀರಿಕೊಂಡಿತು. ಬಂಧುಗಳಲ್ಲಿ ಹಿರಿಯರಿಗೆ ಗೊತ್ತಿದೆ. ಯಾವ ಸೋಂಕೋ, ಈಗ ಹೇಳಲಾಗದು. ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂದು ಅಜ್ಜಿ ಲೋಟವನ್ನು ದೂರವಿಟ್ಟರು. ಕಣ್ಣು ಒಳಸೇರಿ, ನೆತ್ತಿ ಗುಳಿಬಿದ್ದಿತ್ತು. ಅಜ್ಜಿಯದು ತಪ್ಪೆಂದು ನಾನು ಹೇಳಲಾರೆ. ಆಗ ಓದಿದವರೂ ಹಾಗೆಯೇ ತಿಳಿದಿದ್ದರು.

ರಂಧ್ರವನ್ನೇ ಮುಚ್ಚುವ ಮದ್ದು ಬರಲಿ ಎನ್ನುವವರಿದ್ದಾರೆ. ಬರಲಿ. ಆದರೆ ಇನ್‌ಫ್ಲುಯೆಂಜಾ ವೈರಸ್ಸಿನ ಎಂ2 ಎಂಬ ಪ್ರೋಟಾನ್ ನಾಲೆಯನ್ನು ಮುಚ್ಚುತ್ತಿದ್ದ ಅಮಾಂಟಡೀನ್ ಮದ್ದಿನ ಗತಿ ಏನಾಯಿತು? ನಾಲೆಯ 31ನೆಯ ಅಮೈನೊ ಆಮ್ಲವೊಂದನ್ನು ಬದಲಾಯಿಸಿಕೊಂಡು ವೈರಸ್ ಪಾರಾಯಿತು. 2006ರಲ್ಲಿ ಫ್ಲೂ ಜ್ವರಕ್ಕೆ ಅದನ್ನು ಕೊಡಬೇಡಿರೆಂದು ಅಮೆರಿಕದ ಆರೋಗ್ಯ ಇಲಾಖೆಯೇ ಹೇಳಬೇಕಾಯಿತು. ನಾನಂತೂ ಲಸಿಕೆಯ ಪಕ್ಷ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುರ್ಗಾ ರಾವ್ ಅವರೂ ದೆಹಲಿಯಲ್ಲಿ ಇತರರೂ ನವಜಾತ ಶಿಶುಗಳಿಂದ ಬೇರ್ಪಡಿಸಿದ ತಳಿಗಳ ಮೇಲೆ ವರ್ಷಾನುಗಟ್ಟಲೆ ದುಡಿದರು. ದೆಹಲಿಯ ತಳಿಯಿಂದಾದ ಲಸಿಕೆಯ ಹನಿಗಳು 2016ರಿಂದ ಸರ್ಕಾರಿ ಲಸಿಕಾ ಕಾರ್ಯಕ್ರಮವನ್ನು ಸೇರಿವೆ. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಹಾಕಿಸಬೇಕು.

ನಿನ್ನೆ ಆ ಶಿಷ್ಯನೇ ಮತ್ತೆ ಕರೆ ಮಾಡಿದ್ದ. ಮಗು ಗೆಲುವಾಗಿದೆ, ಗಂಜಿ ತಿನ್ನುತ್ತಿದೆ. ಹನಿ ಹಾಕಿಸಿದ್ದಿರಾ ಎಂದು ಕೇಳಿದೆ. ಮೊದಲೆರಡು ಸಲ ಹಾಕಿಸಿದ್ದರಂತೆ. ಮೂರನೆಯದರ ಹೊತ್ತಿಗೆ ಊರಿನಲ್ಲಿ ಮದುವೆಯಿತ್ತಂತೆ.