ಡಾಲರಿನ ಎಡಕ್ಕೊಂದು ಓರೆಗೆರೆ

ಟರ್ಮಿನಲ್ ಮುಂದೆ ದಿನವಿಡೀ ಕೂರುವವರು ಕಡತದ ಹೆಸರನ್ನು ಪೂರ್ತಿ ಬರೆಯುವುದೇ ಇಲ್ಲ. ಎರಡು ಮೂರು ಅಕ್ಷರ ಹೊಡೆದು ಟ್ಯಾಬ್ ಕೀಲಿ ಕುಟ್ಟುತ್ತಾರೆ, ಉಳಿದದ್ದನ್ನು ಆದೇಶ ಓದಿ ನಡೆಸುವ ಶೆಲ್ ತುಂಬಿಕೊಡುತ್ತದೆ. ಅದು ಕೈಕೊಟ್ಟರೆ ಕೆಲಸವೇನೂ ನಿಲ್ಲುವುದಿಲ್ಲ, ಸಿಟ್ಟು ಮಾತ್ರ ನೆತ್ತಿಗೇರುತ್ತದೆ.

ಈ ಸೌಕರ್ಯ ಯುನಿಕ್ಸಿನ ಸ್ವಂತ ಆಸ್ತಿಯಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬಿಬಿಎನ್ ಕಂಪನಿ ಪಿಡಿಪಿ-10 ಯಂತ್ರಕ್ಕೆ ಬರೆದ ಟೆನೆಕ್ಸ್ ವ್ಯವಸ್ಥೆಯಲ್ಲಿ ಎಸ್ಕೇಪ್ ಕೀಲಿ ಒತ್ತಿದರೆ ಅರೆಬರೆ ಆದೇಶ ಪೂರ್ತಿಯಾಗುತ್ತಿತ್ತು. ಕೆನ್ ಗ್ರೀರ್ ಅದನ್ನು ಸಿ ಶೆಲ್ಲಿಗೆ ತಂದರು. 1989ರಲ್ಲಿ ಬ್ರಯಾನ್ ಫಾಕ್ಸ್ ಬ್ಯಾಶ್ ಎಂಬ ಶೆಲ್ ಬಿಡುಗಡೆ ಮಾಡಿದ ಮೇಲೆ, ರೀಡ್‌ಲೈನ್ ಎಂಬ ಲೈಬ್ರರಿಯ ಮೂಲಕ, ಅದು ಎಲ್ಲರ ಬೆರಳಿಗೂ ಅಂಟಿತು.

ಈ ಟ್ಯಾಬ್ ಕೆಡುವ ಬಗೆಗಳಲ್ಲಿ ಒಂದು ತೀರಾ ಸಪ್ಪೆ. ಉಬುಂಟು ಸರ್ವರಿನಲ್ಲಿ ಹೊಸ ಬಳಕೆದಾರರನ್ನು ಯೂಸರ್‌ಆಡ್ ಆದೇಶದಿಂದ ಸೇರಿಸಿದರೆ ಅವರಿಗೆ ಬ್ಯಾಶ್ ಬದಲು ಡ್ಯಾಶ್ ಸಿಗುವುದುಂಟು. ಡ್ಯಾಶ್ ಹಗುರವಾದ, ಚುರುಕಾದ ಶೆಲ್. ಅಲ್ಲಿ ಟ್ಯಾಬ್ ಒತ್ತಿದರೆ ಬರುವುದು ಖಾಲಿ ಜಾಗ ಅಷ್ಟೇ. ಲಾಗಿನ್ ಶೆಲ್ಲನ್ನು ಬ್ಯಾಶಿಗೆ ಬದಲಿಸಿದರೆ ರೋಗ ವಾಸಿ.

ನನಗೆ ಹೆಚ್ಚು ರುಚಿಸುವುದು 2011ರ ಬ್ಯಾಶ್ 4.2 ತಂದಿಟ್ಟ ಪೇಚು. ‘ಸಿಡಿ $ಹೋಮ್/ಡಾಕ್’ ಎಂದು ಬರೆದು ಟ್ಯಾಬ್ ಒತ್ತಿದಿರಿ ಎನ್ನಿ. ಸಿಡಿ ಎಂದರೆ ಡೈರೆಕ್ಟರಿ ಬದಲಿಸುವ ಆದೇಶ, $ಹೋಮ್ ಎಂದರೆ ನಿಮ್ಮ ಸ್ವಂತ ಡೈರೆಕ್ಟರಿಯ ದಾರಿಗೆ ಇಟ್ಟ ಅಡ್ಡಹೆಸರು. 4.1ರವರೆಗೆ ಶೆಲ್ ಆ $ಹೋಮನ್ನು ಬಿಡಿಸಿ, ಡೈರೆಕ್ಟರಿಯ ಪೂರ್ತಿ ದಾರಿಯನ್ನು ಸಾಲಿನಲ್ಲಿ ಬರೆದುಬಿಡುತ್ತಿತ್ತು. 4.2ರಲ್ಲಿ ಅದಕ್ಕೆ ಒಳ್ಳೆಯ ಬುದ್ಧಿ ಬಂತು: ಬಳಕೆದಾರ ಬರೆದದ್ದನ್ನು ಬರೆದ ಹಾಗೇ ಉಳಿಸೋಣ, ಬಾಲ ಮಾತ್ರ ಸೇರಿಸೋಣ ಎಂದು. ಆದರೆ ರೀಡ್‌ಲೈನಿಗೆ ತನ್ನದೇ ಒಂದು ಶಿಸ್ತಿದೆ. ಹೆಸರಿನಲ್ಲಿ ಡಾಲರಿನಂಥ ವಿಶೇಷ ಚಿಹ್ನೆ ಕಂಡರೆ, ಶೆಲ್ ಅದನ್ನು ತಪ್ಪಾಗಿ ತಿಳಿಯದಿರಲಿ ಎಂದು ಎಡಕ್ಕೊಂದು ಬ್ಯಾಕ್‌ಸ್ಲ್ಯಾಶ್ ಹಾಕುತ್ತದೆ. ಇಲ್ಲೂ ಹಾಕಿತು. ಪರದೆಯ ಮೇಲೆ ‘ಸಿಡಿ \$ಹೋಮ್/ಡಾಕ್ಯುಮೆಂಟ್ಸ್/’ ಮೂಡಿತು. ಎಂಟರ್ ಒತ್ತಿದರೆ ಅಂಥ ಡೈರೆಕ್ಟರಿಯೇ ಇಲ್ಲ ಎಂಬ ಉತ್ತರ. ಇಲ್ಲದೆ ಏನು? ಆ ಓರೆಗೆರೆ ಬಿದ್ದ ಕ್ಷಣದಿಂದ ಡಾಲರ್ ಬರೀ ಒಂದು ಅಕ್ಷರ, ಅದರ ಹಿಂದಿನ ಅರ್ಥವೆಲ್ಲ ಹೋಯಿತು.

ಇದರಲ್ಲಿ ಯಾರದು ತಪ್ಪು ಎಂದು ಕೈತೋರಿಸುವುದು ಕಷ್ಟ. ಎರಡೂ ನಿಯಮ ಬಳಕೆದಾರನ ಒಳಿತಿಗೇ ಇದ್ದವು. ನಾವು ಬಾಯಿ ತೆರೆಯುವಷ್ಟರಲ್ಲಿ ವಾಕ್ಯ ಮುಗಿಸಿಕೊಡುವ ನೆಂಟರಿರುತ್ತಾರಲ್ಲ, ಕೊನೆಯ ಪದ ಹೇಳಿದರೆ ಸಹಿಸಿಕೊಳ್ಳಬಹುದು, ಮೊದಲ ಪದವನ್ನೇ ತಿದ್ದಿದರೆ ಜಗಳವಾಗುತ್ತದೆ. 4.2ಕ್ಕೆ ಆಮೇಲೆ ಬಂದ ತಿದ್ದುಪಡಿ, ಪ್ಯಾಚ್ 29, ಈ ಜಗಳವನ್ನು ಜಾಣತನದಿಂದ ಬಗೆಹರಿಸಿತು. ಓರೆಗೆರೆ ಬೀಳುವ ಸಂದರ್ಭಗಳನ್ನು ಕಡಿಮೆ ಮಾಡಿತು. ಜೊತೆಗೆ ‘ಡಿರ್‌ಎಕ್ಸ್‌ಪ್ಯಾಂಡ್’ ಎಂಬ ಹೊಸ ಆಯ್ಕೆ ಕೊಟ್ಟಿತು. ಹಳೆಯ ನಡವಳಿಕೆ ಬೇಕೆನ್ನುವವರು ‘ಶಾಪ್ಟ್’ ಆದೇಶದಿಂದ ಅದನ್ನು ಹಚ್ಚಿಕೊಳ್ಳಬಹುದು.

ಇನ್ನೊಂದು ಬಗೆಯ ತಕರಾರು 2000ದಿಂದೀಚಿನದು. ಆ ವರ್ಷದ ಬ್ಯಾಶ್ 2.04ರಲ್ಲಿ ಒಂದೊಂದು ಆದೇಶಕ್ಕೂ ಪ್ರತ್ಯೇಕ ಪೂರಣ ನಿಯಮ ಬರೆಯುವ ಅವಕಾಶ ಬಂತು. ಗಿಟ್ ಎಂದು ಬರೆದು ಟ್ಯಾಬ್ ಒತ್ತಿದರೆ ಅದರ ಉಪ-ಆದೇಶಗಳ ಹೆಸರು ಸಿಗುವುದು ಈ ಕೃಪೆಯಿಂದ. ಆದರೆ ನಿಯಮ ಅತಿ ಬುದ್ಧಿವಂತಿಕೆ ತೋರಿಸುವುದೂ ಉಂಟು. ಅನ್‌ಜಿಪ್ ಮಾಡಹೊರಟ ಕಡತದ ಹೆಸರಿನ ಕೊನೆಗೆ ಜಿಪ್‌ನಂಥ ಪರಿಚಿತ ಬಾಲವಿಲ್ಲದಿದ್ದರೆ, ಕಣ್ಣೆದುರೇ ಇದ್ದರೂ ಟ್ಯಾಬಿಗೆ ಅದು ಕಾಣದು. ಎಲ್ಲ ಆದೇಶಗಳಿಗೂ ಕೆಲಸ ಮಾಡುವ ಟ್ಯಾಬ್ ಒಂದಕ್ಕೆ ಮಾತ್ರ ಮುನಿಸಿಕೊಂಡಿದ್ದರೆ ಅನುಮಾನ ಇಲ್ಲಿಂದಲೇ ಶುರುವಾಗಬೇಕು. ಆಲ್ಟ್ ಹಿಡಿದು ಸ್ಲ್ಯಾಶ್ ಒತ್ತಿ ನೋಡಿ: ಆದೇಶ ಯಾವುದೆಂದು ಕೇಳದೆ ಬರೀ ಕಡತದ ಹೆಸರನ್ನು ತುಂಬುವ ಹಳೇ ಕೀಲಿಜೋಡಿ ಅದು. ಅದರಿಂದ ಹೆಸರು ಬಂದರೆ ಕೆಟ್ಟಿರುವುದು ಟ್ಯಾಬ್ ಅಲ್ಲ, ಆ ಆದೇಶದ ನಿಯಮ. ‘ಕಂಪ್ಲೀಟ್’ ಆದೇಶಕ್ಕೆ ಮೈನಸ್ ಆರ್ ಸೇರಿಸಿ, ಮುಂದೆ ಕೆಟ್ಟ ಆದೇಶದ ಹೆಸರು ಬರೆದರೆ ನಿಯಮ ತೊಲಗುತ್ತದೆ. ಹೆಸರು ಬರೆಯುವುದನ್ನು ಮರೆತರೆ ಎಲ್ಲ ಆದೇಶಗಳ ನಿಯಮವೂ ಒಟ್ಟಿಗೇ ಹೋಗುತ್ತದೆ, ಜೋಕೆ. ಹೊಸ ಟರ್ಮಿನಲ್ ತೆರೆದರೆ ಮರಳಿ ಬರುತ್ತವೆ.

ಡಿರ್‌ಎಕ್ಸ್‌ಪ್ಯಾಂಡ್ ಈಗಲೂ ತಾನಾಗಿ ಚಾಲೂ ಇರುವುದಿಲ್ಲ, ನಾನೂ ಹಚ್ಚಿಕೊಂಡಿಲ್ಲ. ಹಿಸ್ಟರಿಯಲ್ಲಿ $ಹೋಮ್ ಎಂದೇ ಉಳಿದ ಸಾಲನ್ನು ಇನ್ನೊಂದು ಯಂತ್ರಕ್ಕೆ ಒಯ್ದರೂ ನಡೆಯುತ್ತದೆ. ಬಿಡಿಸಿ ಬರೆದ ಸಾಲಿಗೆ ಆ ಭಾಗ್ಯವಿಲ್ಲ.