ಮಕ್ಕಳಿಗೆ ಸಿಂಫನಿ: ಕೇಳಿಸಿದರೆ ಸಾಕೇ, ಕೈಗೆ ವಾದ್ಯ ಕೊಡಬೇಕೇ?

ಅಮೆರಿಕದ ಪ್ರತಿಷ್ಠಿತ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ನಿರ್ದೇಶಕ ಸ್ಥಾನಕ್ಕೆ 2026-27ರ ಋತುವಿನಿಂದ ವೆನಿಜುವೆಲಾದ ಗುಸ್ಟಾವೊ ದುದಾಮೆಲ್ ನೇಮಕಗೊಂಡಿರುವುದು ಮೇಲ್ನೋಟಕ್ಕೆ ಸಂಗೀತ ವಲಯಕ್ಕಷ್ಟೇ ಸಂಬಂಧಿಸಿದ ಸುದ್ದಿ. ಆದರೆ ಇದರ ಹಿಂದೆ ಹಳೆಯ ಪ್ರಶ್ನೆಯೊಂದಿದೆ. ಸುಮಾರು ನೂರು ಮಂದಿ ವಾದಕರು ಒಟ್ಟಿಗೆ ಕುಳಿತು ನುಡಿಸುವ ಸಂಗೀತದತ್ತ ಮಕ್ಕಳನ್ನೂ ಅವರ ಹೆತ್ತವರನ್ನೂ ಕರೆತರುವುದು ಹೇಗೆ? ಸಭಾಂಗಣಕ್ಕೆ ಕರೆದು ಕೇಳಿಸಿದರೆ ಸಾಕೇ ಅಥವಾ ಕೈಗೆ ವಾದ್ಯವನ್ನೇ ಕೊಡಬೇಕೇ? ಮೊದಲ ದಾರಿಯನ್ನು ಜಗತ್ತಿನಲ್ಲಿ ಜನಪ್ರಿಯಗೊಳಿಸಿದ್ದು ಇದೇ ನ್ಯೂಯಾರ್ಕ್ ವಾದ್ಯವೃಂದ. ದುದಾಮೆಲ್ ಬೆಳೆದು ಬಂದದ್ದು ಎರಡನೆಯ ದಾರಿಯಲ್ಲಿ.

ನ್ಯೂಯಾರ್ಕಿನಲ್ಲಿ ಮಕ್ಕಳ ಕಛೇರಿಗಳು ವ್ಯವಸ್ಥಿತ ರೂಪ ಪಡೆದದ್ದು 1924ರಲ್ಲಿ. ಅರ್ನೆಸ್ಟ್ ಶೆಲ್ಲಿಂಗ್ ಅವರು ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತ ವಾದ್ಯಗಳನ್ನು ಪರಿಚಯಿಸುತ್ತಿದ್ದರು. ಕೇಳಿದ್ದನ್ನು ಮಕ್ಕಳು ಟಿಪ್ಪಣಿ ಪುಸ್ತಕದಲ್ಲಿ ಬರೆಯಬೇಕಿತ್ತು, ಚೆನ್ನಾಗಿ ಬರೆದವರಿಗೆ ಬಹುಮಾನವಿತ್ತು. ಪಾಠಶಾಲೆಯ ವಾಸನೆಯಿದ್ದ ಈ ಕ್ರಮವನ್ನು ಮನೆಮಾತಾಗಿಸಿದವರು ಲಿಯೊನಾರ್ಡ್ ಬರ್ನ್‌ಸ್ಟೀನ್. 1958ರ ಜನವರಿ 18ರಂದು ಕಾರ್ನೆಗಿ ಹಾಲ್‌ನಿಂದ ಸಿಬಿಎಸ್ ವಾಹಿನಿ ಅವರ ಮೊದಲ ಕಾರ್ಯಕ್ರಮವನ್ನು ಬಿತ್ತರಿಸಿತು. ಆರಂಭಕ್ಕೆ ನುಡಿಸಿದ್ದು ರೊಸಿನಿಯ 'ವಿಲಿಯಂ ಟೆಲ್' ಕೃತಿಯ ಒಂದು ಭಾಗ. ಅಲ್ಲಿದ್ದ ಮಕ್ಕಳಿಗಾದರೋ ಅದು 'ಲೋನ್ ರೇಂಜರ್' ಎಂಬ ಕುದುರೆ ಸವಾರನ ಧಾರಾವಾಹಿಯ ಸಂಗೀತ! ಬರ್ನ್‌ಸ್ಟೀನ್ ಅವರನ್ನು ಗದರಲಿಲ್ಲ. ಈ ಸಂಗೀತ ಕುದುರೆ ಸವಾರನ ಕುರಿತದ್ದಲ್ಲ, ಸ್ವರಗಳ ಕುರಿತದ್ದು ಎಂದು ತಿಳಿಹೇಳುತ್ತ ಮಕ್ಕಳ ತಿಳಿವಳಿಕೆಯಿಂದಲೇ ಪಾಠ ಆರಂಭಿಸಿದರು. 1972ರವರೆಗೆ ಇಂಥ 53 ಕಾರ್ಯಕ್ರಮಗಳು ಪ್ರಸಾರವಾದವು.

ಇಷ್ಟೆಲ್ಲ ನಡೆದ ಮೇಲೆ ಆ ದೇಶದ ಸಭಾಂಗಣಗಳು ತುಂಬಿ ತುಳುಕಬೇಕಿತ್ತು. ವಾಸ್ತವ ಬೇರೆಯೇ ಇದೆ. ಅಮೆರಿಕದ ರಾಷ್ಟ್ರೀಯ ಕಲಾ ದತ್ತಿ ಸಂಸ್ಥೆಯ ಸಮೀಕ್ಷೆಗಳ ಪ್ರಕಾರ, ವರ್ಷದಲ್ಲಿ ಒಮ್ಮೆಯಾದರೂ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಛೇರಿಗೆ ಹೋದ ವಯಸ್ಕರ ಪ್ರಮಾಣ 1982ರಲ್ಲಿ ಶೇ. 13ರಷ್ಟಿತ್ತು. 2012ರಲ್ಲಿ ಅದು ಶೇ. 8.8ಕ್ಕೆ, 2022ರಲ್ಲಿ ಶೇ. 4.6ಕ್ಕೆ ಕುಸಿಯಿತು. ಕೊನೆಯ ಅಂಕಿಯಲ್ಲಿ ಕೊರೊನಾ ಪಿಡುಗಿನ ಪಾಲೂ ಇದೆ ಎಂಬುದನ್ನು ಒಪ್ಪಬೇಕು. ಆದರೆ ಇಳಿಮುಖ ಅದಕ್ಕೂ ಮೊದಲಿನದು. ಬರ್ನ್‌ಸ್ಟೀನ್ ಅವರನ್ನು ಕಂಡು ಕೈಚಪ್ಪಾಳೆ ತಟ್ಟಿದ ತಲೆಮಾರು ಮಧ್ಯವಯಸ್ಸಿಗೆ ಬಂದ ಕಾಲದಲ್ಲಿಯೇ ಖಾಲಿ ಕುರ್ಚಿಗಳು ಹೆಚ್ಚಿದವು.

ಎರಡನೆಯ ದಾರಿ ಹುಟ್ಟಿದ್ದು ವೆನಿಜುವೆಲಾದಲ್ಲಿ. ಅರ್ಥಶಾಸ್ತ್ರಜ್ಞರೂ ಸಂಗೀತಗಾರರೂ ಆಗಿದ್ದ ಹೊಸೆ ಅಂತೋನಿಯೊ ಅಬ್ರೂ 1975ರಲ್ಲಿ ಕರಾಕಸ್‌ನಲ್ಲಿ ಬೆರಳೆಣಿಕೆಯ ಯುವಕರೊಂದಿಗೆ ಆರಂಭಿಸಿದ 'ಎಲ್ ಸಿಸ್ತೆಮಾ' ಲಕ್ಷಾಂತರ ಮಕ್ಕಳ ಕೈಗೆ ಪಿಟೀಲು, ಕಹಳೆಗಳನ್ನಿತ್ತಿತು. ಒಬ್ಬೊಬ್ಬರಾಗಿ ಕಲಿತು ನಂತರ ಕೂಡುವುದಲ್ಲ, ಮೊದಲ ದಿನಗಳಿಂದಲೇ ಗುಂಪಿನಲ್ಲಿ ಕುಳಿತು ಕಲಿಯುವುದು ಇದರ ಕ್ರಮ. ಮಗು ನುಡಿಸುತ್ತದೆಂದರೆ ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಕೇಳಲು ಬರುತ್ತಾರೆ. ಹೀಗೆ ಕುಟುಂಬವೇ ಶ್ರೋತೃವರ್ಗವಾಗುತ್ತದೆ. 1981ರಲ್ಲಿ ಜನಿಸಿದ ದುದಾಮೆಲ್ ಈ ವ್ಯವಸ್ಥೆಯ ಕೂಸು. 2007ರಲ್ಲಿ ಲಾಸ್ ಏಂಜಲೀಸ್ ಫಿಲ್ಹಾರ್ಮೋನಿಕ್ ಇದೇ ಮಾದರಿಯಲ್ಲಿ 'ಯೋಲಾ' ಎಂಬ ಉಚಿತ ತರಬೇತಿ ಆರಂಭಿಸಿತು. 2009ರಲ್ಲಿ ಆ ವಾದ್ಯವೃಂದದ ಹೊಣೆ ಹೊತ್ತ ದುದಾಮೆಲ್ ಅದನ್ನು ಬೆಳೆಸಿದರು. 2021ರಲ್ಲಿ ಇಂಗಲ್‌ವುಡ್‌ನಲ್ಲಿ ಈ ಮಕ್ಕಳಿಗೆಂದೇ ಸ್ವಂತ ಕಟ್ಟಡವೂ ತೆರೆಯಿತು.

ಹಾಗೆಂದು ಎಲ್ ಸಿಸ್ತೆಮಾವನ್ನು ಪವಾಡವೆಂದು ಕೊಂಡಾಡುವುದು ಅವಸರದ ಮಾತು. ಅದು ವೆನಿಜುವೆಲಾ ಸರ್ಕಾರಗಳ ಪ್ರದರ್ಶನದ ವಸ್ತುವಾದದ್ದು ಗುಟ್ಟೇನಲ್ಲ. 2017ರ ಪ್ರತಿಭಟನೆಯಲ್ಲಿ ಅಲ್ಲಿಯೇ ಕಲಿತ 18ರ ಹರೆಯದ ವಾದಕನೊಬ್ಬ ಗುಂಡಿಗೆ ಬಲಿಯಾದ ಬಳಿಕವಷ್ಟೇ ದುದಾಮೆಲ್ ಸರ್ಕಾರದ ವಿರುದ್ಧ ಬಹಿರಂಗವಾಗಿ ಕಟುವಾಗಿ ಮಾತನಾಡಿದರು. ಅದೇ ವರ್ಷ ಇಂಟರ್-ಅಮೆರಿಕನ್ ಅಭಿವೃದ್ಧಿ ಬ್ಯಾಂಕಿನ ಸಂಶೋಧಕರು ಮೂರು ಸಾವಿರದಷ್ಟು ಮಕ್ಕಳನ್ನು ಕುರಿತ ಅಧ್ಯಯನ ಪ್ರಕಟಿಸಿದರು. ಮಕ್ಕಳ ಆತ್ಮಸಂಯಮದಲ್ಲಿ ಅಲ್ಪ ಸುಧಾರಣೆ ಕಂಡಿತು, ಬೇರೆ ಹಲವು ಅಂಶಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಡವರಿಗಾಗಿ ಎಂದು ಹೇಳಿಕೊಳ್ಳುವ ಯೋಜನೆಯಲ್ಲಿ ಬಡ ಕುಟುಂಬದ ಮಕ್ಕಳ ಪ್ರಮಾಣ ಶೇ. 17ರ ಆಸುಪಾಸಿನಲ್ಲಿತ್ತು. ಅವರು ವಾಸಿಸುವ ಪ್ರಾಂತ್ಯಗಳಲ್ಲಿ ಬಡತನದ ಪ್ರಮಾಣವಾದರೋ ಶೇ. 46ನ್ನು ಮೀರಿತ್ತು.

ಬಡತನ ನಿವಾರಣೆಯ ಭಾರವನ್ನು ಪಿಟೀಲಿನ ಮೇಲೆ ಹೊರಿಸಿದ್ದೇ ತಪ್ಪು. ಶ್ರೋತೃಗಳನ್ನು ಬೆಳೆಸುವ ಮಾತು ಬಂದಾಗ ಮಾತ್ರ ಎರಡನೆಯ ದಾರಿಯ ತೂಕ ಹೆಚ್ಚು. ಬಾಲ್ಯದಲ್ಲಿ ಕಲೆಯನ್ನು ಕಲಿತವರೇ ದೊಡ್ಡವರಾದ ಮೇಲೆ ಕಲೆಯನ್ನು ಅರಸಿ ಹೋಗುವುದು ಹೆಚ್ಚು ಎಂಬುದು ಅಮೆರಿಕದ ಅದೇ ಸಮೀಕ್ಷೆಗಳಿಂದ ಹೊರಬಿದ್ದ ಅಂಶ. ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಕೂಡ ಇಂದು ಮೂರರಿಂದ ಆರು ವರ್ಷದವರಿಗೆ ಪ್ರತ್ಯೇಕ ಕಛೇರಿಗಳನ್ನು ನಡೆಸುತ್ತಿದೆ. ಕಛೇರಿಗೆ ಮುನ್ನ ಮಕ್ಕಳು ವಾದ್ಯಗಳನ್ನು ಮುಟ್ಟಿ, ಊದಿ ನೋಡುವ ಏರ್ಪಾಡು ಹಲವು ವಾದ್ಯವೃಂದಗಳಲ್ಲಿದೆ. ಎರಡು ಗಂಟೆ ಮಿಸುಕದೆ ಕೂರಬೇಕು, ನಡುವೆ ಚಪ್ಪಾಳೆ ತಟ್ಟಬಾರದು ಎಂಬ ಕಟ್ಟುಪಾಡುಗಳು ಇಲ್ಲಿ ಸಡಿಲಗೊಳ್ಳುತ್ತವೆ. ಪುಟ್ಟ ಮಕ್ಕಳ ತಾಯಂದಿರನ್ನು ಸಭಾಂಗಣದಿಂದ ದೂರವಿಟ್ಟದ್ದು ಟಿಕೆಟ್ ದರಕ್ಕಿಂತ ಹೆಚ್ಚಾಗಿ ಅಕ್ಕಪಕ್ಕದವರ ಕೆಂಗಣ್ಣು ಎಂದರೆ ತಪ್ಪಾಗಲಾರದು.

ಕರ್ನಾಟಕದ ಮಟ್ಟಿಗೆ ಸಮಸ್ಯೆ ತಿರುವುಮುರುವಾಗಿದೆ. ನಮ್ಮಲ್ಲಿ 'ಆರ್ಕೆಸ್ಟ್ರಾ' ಎಂದರೆ ಗಣೇಶೋತ್ಸವದ ಪೆಂಡಾಲಿನಲ್ಲಿ ಚಿತ್ರಗೀತೆ ಹಾಡುವ ತಂಡ. 'ಕಂಡಕ್ಟರ್' ಎಂದರೆ ಟಿಕೆಟ್ ಹರಿಯುವವರು. ಆದರೆ ಬೆಂಗಳೂರಿನ ಬಡಾವಣೆಗಳಲ್ಲಿ ಲಂಡನ್ನಿನ ಟ್ರಿನಿಟಿ ಪರೀಕ್ಷೆಗಾಗಿ ಕೀಬೋರ್ಡ್, ವಯಲಿನ್ ಕಲಿಯುವ ಮಕ್ಕಳಿಗೆ ಕೊರತೆಯಿಲ್ಲ. ವಾದ್ಯ ಕೈಯಲ್ಲಿದೆ, ಕೇಳಲು ವಾದ್ಯವೃಂದವಿಲ್ಲ. ಪೂರ್ಣ ಪ್ರಮಾಣದ ವೃತ್ತಿಪರ ಸಿಂಫನಿ ವಾದ್ಯವೃಂದವೆಂದು ದೇಶ ಹೇಳಿಕೊಳ್ಳಬಹುದಾದದ್ದು 2006ರಲ್ಲಿ ಮುಂಬೈಯ ಎನ್‌ಸಿಪಿಎ ಸ್ಥಾಪಿಸಿದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ಅದೂ ಕಜಕಸ್ತಾನ ಮೊದಲಾದ ಕಡೆಯ ವಾದಕರನ್ನು ಬಹುವಾಗಿ ನೆಚ್ಚಿಕೊಂಡೇ ನಡೆದುಬಂದದ್ದು. ಆ ಕೊರತೆ ನೀಗಲೆಂದೇ ಸಂಸ್ಥೆ ಮಕ್ಕಳ ತರಬೇತಿಗೆ ಕೈಹಾಕಿತು.

ವಿಪರ್ಯಾಸವೆಂದರೆ, ಈ ಸಂಗೀತಕ್ಕೆ ಮೈಸೂರು ಅಪರಿಚಿತವೇನಲ್ಲ. ಜಯಚಾಮರಾಜ ಒಡೆಯರ್ ಲಂಡನ್ನಿನ ಫಿಲ್ಹಾರ್ಮೋನಿಯ ಕಛೇರಿ ಸಂಘದ ಮೊದಲ ಅಧ್ಯಕ್ಷರಾಗಿದ್ದರು. ರಷ್ಯದ ಸಂಗೀತಕಾರ ಮೆಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದವರೂ ಅವರೇ. ಅರಮನೆಯ ವಾದ್ಯಮೇಳಗಳ ಪರಂಪರೆ ಇಂದು ಪೊಲೀಸ್ ಬ್ಯಾಂಡಿನಲ್ಲಿ ಉಳಿದಿದೆ. ದಸರೆಯಲ್ಲಿ ಅರಮನೆಯ ಮುಂದೆ ಅದು ನುಡಿಸುವಾಗ ಅಪ್ಪನ ಹೆಗಲೇರಿ ಕೇಳುವ ಮಕ್ಕಳು ಸಾವಿರಾರು. ಪಿಟೀಲುಗಳ ಸಾಲಿಲ್ಲದಿರಬಹುದು, ಆದರೆ ಹತ್ತಾರು ವಾದ್ಯಗಳು ಒಂದೇ ಕೈಸನ್ನೆಗೆ ದನಿಗೂಡುವುದನ್ನು ನಾಡಿನ ಬಹುಪಾಲು ಕುಟುಂಬಗಳು ಕಣ್ಣಾರೆ ಕಾಣುವುದು ಅಲ್ಲಿಯೇ. ಯಾವುದು ಕ್ಲಾರಿನೆಟ್, ಯಾವುದು ಟ್ರಂಬೋನ್ ಎಂದು ನಡುನಡುವೆ ಕನ್ನಡದಲ್ಲಿ ವಿವರಿಸಿ, ಕಾರ್ಯಕ್ರಮ ಮುಗಿದ ಬಳಿಕ ಅರ್ಧ ಗಂಟೆ ಮಕ್ಕಳನ್ನು ವಾದಕರ ಬಳಿಗೆ ಬಿಡುವುದಕ್ಕೆ ಇಲಾಖೆಗೆ ಹೊಸ ಅನುದಾನವೇನೂ ಬೇಕಾಗದು.